ಬಾಡಿಗೆಯ ಲಾರಿಯೂ ಹಿಡಿದವನ ಹೊಣೆಯೂ

ಬಂಡಿಯಿಂದ ಕೇಡು ಸಂಭವಿಸಿದಾಗ ಅದರ ಹೊಣೆ ಯಾರದೆಂಬ ಪ್ರಶ್ನೆ ಹೊಸದೇನೂ ಅಲ್ಲ. ಮನುಸ್ಮೃತಿಯ ಎಂಟನೆಯ ಅಧ್ಯಾಯದಲ್ಲಿ ಈ ವಿಚಾರವು ಬಂದಿದೆ. ಆ ಗ್ರಂಥದ ಹಲವು ವಿಧಿಗಳನ್ನು ನಾವಿಂದು ಒಪ್ಪಲಾರೆವು, ಒಪ್ಪಲೂ ಬಾರದು. ಆದರೆ ಈ ಒಂದೆಡೆಯಲ್ಲಿ ಸ್ಮೃತಿಕಾರನ ದೃಷ್ಟಿ ಬಹು ಸೂಕ್ಷ್ಮವಾಗಿದೆ. ಮೂಗುದಾರ ಹರಿದರೆ, ನೊಗ ಮುರಿದರೆ, ಅಚ್ಚು ಮುರಿದರೆ ದಂಡವಿಲ್ಲ. ಸಾರಥಿಯ ಅಕುಶಲತೆಯಿಂದ ಬಂಡಿ ದಾರಿತಪ್ಪಿ ಹಿಂಸೆಯಾದರೆ ಒಡೆಯನಿಗೆ ಇನ್ನೂರು ಪಣ ದಂಡ. ಸಾರಥಿಯು ಕುಶಲನಾಗಿದ್ದೂ ತಪ್ಪಿದರೆ ದಂಡ ಅವನಿಗೇ. ಇಷ್ಟರವರೆಗೆ ಆಶ್ಚರ್ಯವೇನೂ ಇಲ್ಲ. ಮುಂದಿನ ಮಾತು ವಿಚಾರಾರ್ಹವಾದುದು: ಸಾರಥಿಯು ಅಕುಶಲನಾಗಿದ್ದ ಪಕ್ಷದಲ್ಲಿ ಬಂಡಿಯಲ್ಲಿ ಕುಳಿತವರೂ ತಲೆಗೆ ನೂರು ಪಣ ತೆರಬೇಕು! ಹಗ್ಗ ಹಿಡಿಯದವನಿಗೆ, ಎತ್ತನ್ನು ಹೊಡೆಯದವನಿಗೆ ದಂಡವೇಕೆ? ಕೇಳಿ ತಿಳಿಯಬಹುದಾದುದನ್ನು ಕೇಳದೆ ಏರಿ ಕುಳಿತುದೇ ಅವನ ಅಪರಾಧವೆಂದು ನಾನು ಅರ್ಥಮಾಡಿಕೊಂಡಿದ್ದೇನೆ.

ಈ ಅರ್ಥವು ನನಗೆ ಪುಸ್ತಕದಿಂದ ಹೊಳೆದುದಲ್ಲ. ಕೆಲವು ವರ್ಷಗಳ ಹಿಂದೆ ಮಗಳ ಸಂಸಾರದ ಸಾಮಾನನ್ನು ಹಾಸನದಿಂದ ಮಂಗಳೂರಿಗೆ ಸಾಗಿಸಬೇಕಾಗಿತ್ತು. ಇಬ್ಬರು ಲಾರಿಯವರು 16,000 ರೂಪಾಯಿಯ ಸುಮಾರಿಗೆ ಹೇಳಿದರು. ಮೂರನೆಯವನು 11,000ಕ್ಕೆ ಒಪ್ಪಿದನು. ಅದನ್ನೂ ನಾನು 10,000ಕ್ಕೆ ಇಳಿಸಿ, ಜಾಣತನ ಮೆರೆದೆನೆಂದು ಮನೆಯಲ್ಲಿ ಹೇಳಿಕೊಂಡೆನು. ಶಿರಾಡಿ ಘಟ್ಟವನ್ನಿಳಿಯುವಾಗ ಬ್ರೇಕು ಹಿಡಿಯದೆ ಲಾರಿಯು ಗುಡ್ಡದ ಬದಿಗೆ ಬಡಿದು ನಿಂತಿತು. ಕ್ಲೀನರ್ ಹುಡುಗನ ಕಾಲು ಮುರಿಯಿತು. ಸುದ್ದಿ ಬಂದೊಡನೆ ನನ್ನ ಬಾಯಿಂದ ಹೊರಟ ಮೊದಲ ಪ್ರಶ್ನೆ, ‘ಸಾಮಾನು ಹೇಗಿದೆ?’ ಎಂಬುದು. ಬೀರುವಿನ ಕನ್ನಡಿಗೆ ಒಂದು ಗೀರೂ ಬಿದ್ದಿರಲಿಲ್ಲ. ಆ ಲಾರಿಯ ಯೋಗ್ಯತಾ ಪತ್ರದ, ಎಂದರೆ ಲಾರಿಯವರ ಮಾತಿನಲ್ಲಿ ಎಫ್.ಸಿ.ಯ, ಅವಧಿ ಮುಗಿದು ಐದು ತಿಂಗಳಾಗಿತ್ತೆಂದೂ, ಚಾಲಕನು ಹಿಂದಿನ ರಾತ್ರಿಯೆಲ್ಲ ಬೇರೊಂದು ಲೋಡನ್ನು ಮುಟ್ಟಿಸಿ ಬಂದವನೆಂದೂ ಆಮೇಲೆ ತಿಳಿಯಿತು.

‘ನನಗೆ ಗೊತ್ತಿರಲಿಲ್ಲ’ ಎಂದು ಎಲ್ಲರಿಗೂ ಹೇಳಿದೆನು. ಮಾತು ನಿಜವೇ. ಆದರೆ ಗೊತ್ತಿಲ್ಲದಿರುವುದರಲ್ಲಿ ಎರಡು ಬಗೆಯುಂಟು. ತಿಳಿಯಲು ದಾರಿಯೇ ಇಲ್ಲದುದು ಒಂದು. ತಿಳಿದರೆ ಖರ್ಚು ಹೆಚ್ಚೀತೆಂದು ಕಣ್ಣು ಮುಚ್ಚಿಕೊಂಡುದು ಇನ್ನೊಂದು. ಸ್ಮೃತಿಕಾರನ ಕಾಲಕ್ಕೆ ಅಚ್ಚು ಮುರಿಯುವುದು ದೈವಾಯತ್ತವಾಗಿದ್ದಿರಬಹುದು. ಇಂದು ಹಾಗೆನ್ನುವಂತಿಲ್ಲ. 1988ರ ಮೋಟಾರು ವಾಹನ ಕಾಯಿದೆಯು ಲಾರಿಗೆ ಯೋಗ್ಯತಾ ಪತ್ರವನ್ನೂ, ಇತರರಿಗಾಗುವ ಹಾನಿಗೆ ವಿಮೆಯನ್ನೂ ಕಡ್ಡಾಯ ಮಾಡಿದೆ. 8 ವರ್ಷ ದಾಟಿದ ಲಾರಿಯನ್ನು ವರ್ಷಕ್ಕೊಮ್ಮೆ ಪರೀಕ್ಷೆಗೆ ಒಡ್ಡಬೇಕು. ಬಂದವರೆಲ್ಲರ ಸರಕನ್ನು ಬಾಡಿಗೆಗೆ ಸಾಗಿಸುವುದನ್ನೇ ವ್ಯಾಪಾರ ಮಾಡಿಕೊಂಡವನು 2007ರ ರಸ್ತೆ ಸಾಗಣೆ ಕಾಯಿದೆಯ ಮೇರೆಗೆ ನೋಂದಣಿ ಮಾಡಿಸಿರಬೇಕು. ಲಾರಿಯ ನಂಬರೊಂದಿದ್ದರೆ ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಎಫ್.ಸಿ.ಯೂ ವಿಮೆಯೂ ಎಂದಿನವರೆಗೆ ಇವೆಯೆಂಬುದನ್ನು ಮನೆಯ ಜಗಲಿಯಲ್ಲಿ ಕುಳಿತೇ ನೋಡಬಹುದು. ಅರಿಯುವ ದಾರಿ ಅಗಲವಾದಷ್ಟೂ ಅರಿಯೆನೆಂಬ ನೆಪಕ್ಕೆ ಎಡೆ ಕಿರಿದಾಗುವುದು. ಮಿತಿಮೀರಿದ ಭಾರದ ವಿಷಯದಲ್ಲಂತೂ ಕಾಯಿದೆಯು ಓಡಿಸಿದವನನ್ನಲ್ಲದೆ ಓಡಿಸಲು ಕಾರಣನಾದವನನ್ನೂ ಹಿಡಿಯುತ್ತದೆ. 2019ರ ತಿದ್ದುಪಡಿಯಂತೆ ದಂಡ 20,000 ರೂಪಾಯಿ, ಅದರ ಮೇಲೆ ಹೆಚ್ಚಿನ ಪ್ರತಿ ಟನ್ನಿಗೆ 2,000.

‘ಪರೀಕ್ಷಿಸಲು ಸರ್ಕಾರವಿದೆಯಲ್ಲ, ನಮಗೇಕೆ ಆ ಉಸಾಬರಿ?’ ಎನ್ನುವವರುಂಟು. ಸರ್ಕಾರವು ದಾರಿಯಲ್ಲಿ ಹಿಡಿದರೆ ಹಿಡಿದೀತು. ಆದರೆ ಬಾಡಿಗೆಯನ್ನು ಇಳಿಸಿದವರು ನಾವು. ಇಳಿಸಿದ ಹಣ ಎಲ್ಲಿಂದ ಬರಬೇಕು? ಡೀಸೆಲಿನವನು ಬಿಡುವುದಿಲ್ಲ, ಟೋಲಿನವನು ಬಿಡುವುದಿಲ್ಲ. ಉಳಿದುವು ಟೈರು, ಬ್ರೇಕು, ಚಾಲಕನ ನಿದ್ರೆ. ನಾನು ಉಳಿಸಿದ ಆರು ಸಾವಿರವು ಆ ಹುಡುಗನ ಕಾಲಿನಿಂದ ಬಂದಿತೆಂದು ಒಪ್ಪಲು ನನಗೆ ಬಹುಕಾಲ ಹಿಡಿಯಿತು. ಅಗ್ಗಕ್ಕೆ ಬರುವವರೆಲ್ಲ ಮೋಸಗಾರರೆಂದು ನನ್ನ ಅಭಿಪ್ರಾಯವಲ್ಲ. ಬರಿದಾಗಿ ಮರಳುವುದರ ಬದಲು ಕಡಮೆಗೆ ಸರಕು ಹೊರುವ ಲಾರಿಗಳೂ ಉಂಟು. ಅದನ್ನೂ ಕೇಳಿಯೇ ತಿಳಿಯಬೇಕು.

ಕಾಗದಗಳಾದರೂ ಎಲ್ಲವನ್ನೂ ಹೇಳಲಾರವು. ಮೋಟಾರು ಸಾರಿಗೆ ಕೆಲಸಗಾರರಿಗೆ 1961ರ ಕಾಯಿದೆಯು ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆಯ ಎಲ್ಲೆಯನ್ನು ಹಾಕಿತ್ತು. ಆದರೆ ಐದಕ್ಕಿಂತ ಕಡಮೆ ಕೆಲಸಗಾರರಿದ್ದ ಉದ್ಯಮಕ್ಕೆ ಅದು ತಾನಾಗಿ ಅನ್ವಯಿಸುತ್ತಿರಲಿಲ್ಲ. ಒಂದೆರಡು ಲಾರಿ ಇಟ್ಟುಕೊಂಡವರು ಅದರ ಹೊರಗೇ ಉಳಿದರು. ನಿದ್ರೆಗೆ ಯಾವ ಕಛೇರಿಯೂ ಮೊಹರು ಒತ್ತುವುದಿಲ್ಲ.

ಕಳೆದ ವರ್ಷ ಅದೇ ಸಾಮಾನು ಹಾಸನಕ್ಕೆ ಮರಳಬೇಕಾಯಿತು. ಈ ಬಾರಿ ಮಂಗಳೂರಿನಲ್ಲಿ ಎಫ್.ಸಿ., ವಿಮೆ, ಚಾಲಕನ ಲೈಸೆನ್ಸು ಎಲ್ಲವನ್ನೂ ಕೇಳಿದೆನು. ‘ಏನು ಸ್ವಾಮಿ, ತಾವು ಆರ್.ಟಿ.ಓ. ಆಫೀಸಿನವರೋ?’ ಎಂದು ಮಾಲೀಕರು ಮುಖ ಸಿಂಡರಿಸಿದರು, ಆದರೂ ತೋರಿಸಿದರು. ಕಾಗದಗಳೆಲ್ಲ ನೆಟ್ಟಗಿದ್ದುವು. ಆಮೇಲೆ ಚಾಲಕನನ್ನು ಕರೆದು, ‘ಮಲಗಿ ಎಷ್ಟು ಹೊತ್ತಾಯಿತಪ್ಪಾ?’ ಎಂದೆನು. ಅವನು ಮೊದಲು ಮಾಲೀಕರ ಮುಖ ನೋಡಿದನು. ಬಳಿಕ ಮೆಲ್ಲನೆ, ‘ಮೊನ್ನೆ ರಾತ್ರಿ, ಸಾರ್’ ಎಂದನು. ಮಗಳು ಜಗಲಿಯಲ್ಲಿ ಚಾಪೆ ಹಾಸಿಕೊಟ್ಟಳು. ಸಾಮಾನನ್ನು ಮರುದಿನ ಬೆಳಗ್ಗೆ ಏರಿಸಿದೆವು.