ಅಹಾರ್ಯವಿಚಾರ

ಪರ್ವತವೆಂಬ ಹೆಸರು ಎತ್ತರದಿಂದ ಬರುವುದೆಂದು ಲೋಕರೂಢಿ. ಇಂಗ್ಲೆಂಡಿನ 2000ನೆಯ ಇಸವಿಯ ಶಾಸನವೊಂದು ಸಮುದ್ರಮಟ್ಟದಿಂದ 600 ಮೀಟರಿಗೆ ಮೇಲ್ಪಟ್ಟ ನೆಲವನ್ನು ಪರ್ವತದ ಲೆಕ್ಕಕ್ಕೆ ಸೇರಿಸುತ್ತದೆ. ಈ ಮಾನದಿಂದ ಅಳೆದರೆ ಕಾರ್ಕಳದ ಗೊಮ್ಮಟನ ಬೆಟ್ಟವೂ ಮಣಿಪಾಲದ ಗುಡ್ಡೆಯೂ ಪಂಕ್ತಿಬಾಹ್ಯವಾದುವು. ಅತ್ತ ಜಪಾನಿನ ಒಸಾಕಾ ನಗರದಲ್ಲಿ 1831ರಲ್ಲಿ ನದಿಯ ಹೂಳನ್ನೆತ್ತಿ ರಾಶಿಹಾಕಿದ ತೆಂಪೋಜಾನ್ ಎಂಬುದು ಇಂದು 4.53 ಮೀಟರು ಮಾತ್ರ ಉಳಿದಿದ್ದರೂ ಅಲ್ಲಿಯ ಜನರಿಗೆ ಪರ್ವತವೇ.

ನಗುವವರು ನಗಲಿ, ನಮ್ಮ ಪುರಾಣಗಳಿಗೆ ಇದು ಹೊಸತಲ್ಲ. ಮತ್ಸ್ಯಪುರಾಣವು ಹತ್ತು ವಿಧದ ಪರ್ವತದಾನಗಳನ್ನು ಹೇಳುವಲ್ಲಿ ಧಾನ್ಯ, ಉಪ್ಪು, ಬೆಲ್ಲ, ಎಳ್ಳು, ಹತ್ತಿ ಮುಂತಾದುವುಗಳ ರಾಶಿಯನ್ನೇ ಗಿರಿಯೆಂದು ಭಾವಿಸಲು ವಿಧಿಸಿದೆ. ಧಾನ್ಯದ ಮೇರುವಿಗೆ 1000 ದ್ರೋಣ ಉತ್ತಮ, 500 ಮಧ್ಯಮ, 300 ಕನಿಷ್ಠ. ಅಳತೆ ಕುಂದಿದರೂ ಪರ್ವತತ್ವ ಕುಂದದು. ಆದರೆ ನಾಲ್ಕು ದಿಕ್ಕಿಗೆ ನಾಲ್ಕು ವಿಷ್ಕಂಭಗಿರಿಗಳು ಬೇಕು. ಬಿದಿರಿನ ಸ್ಥಾನದಲ್ಲಿ ಕಬ್ಬು, ಮೋಡಗಳ ಸ್ಥಾನದಲ್ಲಿ ವಸ್ತ್ರ, ಝರಿಗಳ ಸ್ಥಾನದಲ್ಲಿ ತುಪ್ಪ ಬೇಕು. ಮೋಡವೂ ನೀರೂ ಇಲ್ಲದಿದ್ದರೆ ಅದು ಬರಿಯ ಕಾಳಿನ ರಾಶಿ.

ಇನ್ನು ಶಬ್ದವಿಚಾರ. ಅಮರಕೋಶದ ಪರ್ವತನಾಮಗಳಲ್ಲಿ 'ಅಹಾರ್ಯ'ವೆಂಬುದೊಂದುಂಟು. ಹೊತ್ತೊಯ್ಯಲಾಗದುದು ಎಂದು ಅದರ ಅರ್ಥ. ಆದರೆ ಕೃತ್ಯಪ್ರತ್ಯಯಕ್ಕೆ ಶಕ್ಯಾರ್ಥದಂತೆ ಅರ್ಹಾರ್ಥವೂ ಪಾಣಿನಿಸಮ್ಮತವಾದುದರಿಂದ, ಹೊತ್ತೊಯ್ಯತಕ್ಕುದಲ್ಲ ಎಂದೂ ಹೇಳಬಹುದು. ಹಿಂದಿನವರಿಗೆ ಮೊದಲನೆಯ ಅರ್ಥವೇ ಸಾಕಾಗಿತ್ತು. ಯಂತ್ರಬಲದಿಂದ ಗುಡ್ಡೆಗಳು ಲಾರಿಯನ್ನೇರಿ, ರಸ್ತೆಯ ತಳಕ್ಕೂ ಗದ್ದೆ ತುಂಬಿಸುವುದಕ್ಕೂ ಹೋಗುವ ಈ ಕಾಲದಲ್ಲಿ ಆ ಅರ್ಥ ಅಳಿಯಿತು, ಎರಡನೆಯದೊಂದೇ ಉಳಿದಿದೆ. ಉಡುಪಿಯ ಒಡೆಯನಾದ ಕೃಷ್ಣನೂ ಗೋವರ್ಧನವನ್ನೆತ್ತಿದವನೇ ಅಲ್ಲವೆ ಎನ್ನುವಿರಾದರೆ, ಹೌದು. ಏಳು ದಿನಗಳ ಮೇಲೆ ಅದನ್ನು ಇದ್ದಲ್ಲಿಯೇ ಇರಿಸಿದನೆಂಬುದನ್ನೂ ನೆನೆಯಬೇಕು.

ಮುರಕಲ್ಲಿಲ್ಲದೆ ನಮ್ಮ ಮನೆಗಳಿಲ್ಲ, ದೇವಾಲಯಗಳ ಪ್ರಾಕಾರಗಳೂ ಇಲ್ಲ. ಕಲ್ಲನ್ನು ಕಡಿಯಲೇಬಾರದೆಂಬ ವಾದ ನನ್ನದಲ್ಲ. ದಾನದ ಮೇರುವನ್ನೂ ಗುರುವು ಒಯ್ಯುತ್ತಾನೆ, ವಿಷ್ಕಂಭಗಿರಿಗಳನ್ನು ಋತ್ವಿಜರು ಒಯ್ಯುತ್ತಾರೆ. ಆದರೆ ಸ್ವತ್ವವಿರುವಲ್ಲಿ ಮಾತ್ರ ದಾನ. ಕಾಳನ್ನು ತಂದು ರಾಶಿಹಾಕಿದವನಿಗೆ ಆ ರಾಶಿಯಲ್ಲಿ ಸ್ವತ್ವವುಂಟು. ಗುಡ್ಡೆಯನ್ನು ರಾಶಿಹಾಕಿದವರು ನಾವಲ್ಲ. ಪಟ್ಟೆಯಿಂದ ಸ್ವತ್ವ ಬಂದಿತೆನ್ನೋಣ. ಹಳೆಯ ಕ್ರಯಪತ್ರಗಳು ಅಷ್ಟಭೋಗಗಳನ್ನು ಎಣಿಸುವಾಗ ಪಾಷಾಣದೊಡನೆ ಜಲವನ್ನೂ ಬರೆಯುತ್ತಿದ್ದುವು. ಎಂದರೆ ಕೊಂಡವನಿಗೆ ಎರಡೂ ಸಂದುವು. ಆದರೆ ರಂಧ್ರಮಯವಾದ ಮುರಕಲ್ಲು ಮಳೆಗಾಲದಲ್ಲಿ ಹೀರಿದ ನೀರು ಚತುಸ್ಸೀಮೆಯನ್ನು ಅರಿಯದು. ಅದು ಮೆಲ್ಲಮೆಲ್ಲನೆ ಬುಡದ ಬಾವಿಗಿಳಿದು ಚೈತ್ರ ವೈಶಾಖಗಳಲ್ಲಿ ನೆರೆಯವನ ಕೊಡವನ್ನು ತುಂಬುತ್ತದೆ. ಈ ಜಲವು ಯಾರ ಭೋಗ? ಗುಡ್ಡೆಯನ್ನು ಮಾರುವವನಿಗೆ ಇದನ್ನೂ ಮಾರುವ ಅಧಿಕಾರವುಂಟೆ? ಧರ್ಮಶಾಸ್ತ್ರವನ್ನೂ ಇಂದಿನ ಕಾನೂನನ್ನೂ ಬಲ್ಲವರು ಇದೇ ಪತ್ರಿಕೆಯಲ್ಲಿ ಉತ್ತರವಿತ್ತರೆ ಉಪಕಾರವಾದೀತು.