ಬೀಜದ ಬುತ್ತಿ

ಉತ್ತರ ಅಮೆರಿಕದ ಆಗ್ನೇಯ ಕರಾವಳಿಯಲ್ಲಿ ವ್ಯಾಕ್ಸ್ ಮಿರ್ಟಲ್ ಎಂಬುದೊಂದು ಪೊದೆಯುಂಟು. ಕಾಳುಮೆಣಸಿಗಿಂತಲೂ ಸಣ್ಣದಾದ ಅದರ ಕಾಯಿಗಳ ಮೈಮೇಲೆ ಬೂದುಬಿಳುಪಿನ ಮೇಣ ಲೇಪಿಸಿಕೊಂಡಿರುತ್ತದೆ. ಅಲ್ಲಿ ನೆಲಸಿದ ಯುರೋಪಿನ ವಲಸಿಗರು ಆ ಕಾಯಿಗಳನ್ನು ಕುದಿಸಿ, ತೇಲಿಬಂದ ಮೇಣದಿಂದ ಸುವಾಸನೆಯ ಬತ್ತಿಗಳನ್ನು ಮಾಡಿಕೊಂಡರು. ಅದರ ಎಲೆಯ ಘಾಟಿಗೆ ಹುಳುಹುಪ್ಪಟೆ ದೂರವಿರುವುವೆಂಬ ನಂಬಿಕೆಯೂ, ಹಿತ್ತಲಿಗೆ ಹಸುರು ಬೇಲಿಯೆಂಬ ಮನ್ನಣೆಯೂ ಅದಕ್ಕುಂಟು. ಆಯುರ್ವೇದದ ಕಟ್ಫಲ ಅದರ ದಾಯಾದಿ. ಆದರೆ ಅದು ಖಾಸಿ ಬೆಟ್ಟಗಳ, ಹಿಮಾಲಯದ ತಪ್ಪಲಿನ ಮರ. ಉತ್ತರ ಕನ್ನಡದ ಎಕ್ಕಂಬಿಯಿಂದ ಪಡುವಣಕ್ಕೆ ಶಿರಸಿಯನ್ನು ದಾಟಿ ಹೋದಂತೆಲ್ಲ ಮಳೆಯೂ ಕಾಡೂ ದಟ್ಟವಾಗುವ ನಮ್ಮ ಸೀಮೆಯಲ್ಲಿ, ಕುದಿಸಿದರೆ ಜಿಡ್ಡು ಕೊಡುವ ಗಿಡವೆಂದರೆ ಮುರುಗಲು ಮತ್ತು ಅದರ ಒಡಹುಟ್ಟಾದ ಉಪ್ಪಾಗೆ.

ಚೈತ್ರ ವೈಶಾಖಗಳಲ್ಲಿ ಮುರುಗಲ ಹಣ್ಣು ಕೆಂಪೇರಿದಾಗ ಮನೆಯವರು ಸಿಪ್ಪೆಯನ್ನು ಬಿಸಿಲಿಗೆ ಹರವಿ, ಬೀಜವನ್ನು ಬೇರೆಯಾಗಿ ಒಣಗಿಸಿಡುವರು. ಆಮೇಲೆ ಓಡನ್ನು ಬಿಡಿಸಿ, ತಿರುಳನ್ನು ಒರಳಿನಲ್ಲಿ ಕುಟ್ಟಿ, ನೀರಿನಲ್ಲಿ ಕುದಿಸಿದರೆ, ಬೀಜದ ತೂಕದ ಸುಮಾರು ಕಾಲುಪಾಲಿನಷ್ಟಿರುವ ಕೊಬ್ಬು ಮೇಲೇಳುವುದು. ಅದನ್ನು ತೆಗೆದು ಆರಿಸಿ, ಕೈಯಲ್ಲಿ ಉಂಡೆ ಕಟ್ಟುವರು. ಸುಮಾರು 40 ಡಿಗ್ರಿ ಸೆಲ್ಸಿಯಸ್‌ವರೆಗೂ ಕರಗದ ಈ ಬಿಳಿಯ ತುಪ್ಪವನ್ನು ಒಡೆದ ಹಿಮ್ಮಡಿಗೂ ಬಿರಿದ ತುಟಿಗೂ ಸವರುವುದು ವಾಡಿಕೆ.

ಆ ಮೇಣವನ್ನೂ ಈ ತುಪ್ಪವನ್ನೂ ಒಂದೇ ಬಗೆಯ ಉಪಯೋಗವೆಂದು ಎಣಿಸುವುದು ಸುಲಭ. ಆದರೆ ಧರ್ಮವಿಚಾರದ ದೃಷ್ಟಿಯಿಂದ ನೋಡಿದಲ್ಲಿ ಅವುಗಳ ನಡುವೆ ಅಂತರವುಂಟು. ಅಲ್ಲಿಯ ಮೇಣ ಕಾಯಿಯ ಹೊರಗಿನದು. ಹಕ್ಕಿಗಳು ಅದನ್ನು ಜೀರ್ಣಿಸಿಕೊಂಡು ಬೀಜವನ್ನು ದೂರ ಚೆಲ್ಲುವುವು, ಎಂದರೆ ಅದು ಪರರಿಗೆಂದೇ ಇರಿಸಿದ ಸಂಭಾವನೆ. ಮುರುಗಲಿನಲ್ಲಿ ಆ ಸಂಭಾವನೆಯ ಸ್ಥಾನ ಹುಳಿಸಿಹಿಯ ತೊಳೆಗೆ ಸೇರಿದುದು. ಕೊಬ್ಬಾದರೋ ಬೀಜದೊಳಗೆ, ಇನ್ನೂ ಮೊಳೆಯದ ಸಸಿಗೆ ತಾಯಿಮರ ಕಟ್ಟಿಕೊಟ್ಟ ಬುತ್ತಿ. ನಮ್ಮ ಹಿಮ್ಮಡಿಗೆ ಸವರಿದುದು ಆ ಬುತ್ತಿಯನ್ನೇ.

ಹಾಗೆ ತೆಗೆದುಕೊಳ್ಳುವುದು ಸರಿಯೇ ಎಂಬುದಕ್ಕೆ ಉತ್ತರ ಕೇಳಲು ದೂರ ಹೋಗಬೇಕಾದುದಿಲ್ಲ. ಶಿರಸಿಯ ಮಗ್ಗುಲಿನ ಸೋಂದೆಯೊಂದರಲ್ಲೇ ಸ್ವರ್ಣವಲ್ಲಿಯ ಅದ್ವೈತ ಪೀಠವೂ, ವಾದಿರಾಜರ ದ್ವೈತ ಮಠವೂ, ಸ್ವಾದಿಯ ಜೈನ ಮಠವೂ ನೆರೆಹೊರೆಯಾಗಿವೆ. ಈಶಾವಾಸ್ಯೋಪನಿಷತ್ತಿನ ಮೊದಲನೆಯ ಮಂತ್ರವನ್ನು ಶಂಕರರು ತ್ಯಾಗದಿಂದ ಆತ್ಮವನ್ನು ಕಾಪಾಡಿಕೊಳ್ಳೆಂದು ಅರ್ಥೈಸಿದರು. ಮಧ್ವರು ಈಶ್ವರನು ಕೊಟ್ಟುದನ್ನೇ ಭೋಗಿಸೆಂದರು. ಜೈನರಾದರೋ ಮೊಳೆಯಬಲ್ಲ ಬೀಜವನ್ನು ಸಚಿತ್ತವೆಂದು, ಸಜೀವವೆಂದು ಎಣಿಸಿ, ಅಚಿತ್ತವಾದ ಹೊರತು ಅದನ್ನು ಯತಿಗಳು ಸ್ವೀಕರಿಸಲಾಗದೆಂದು ವಿಧಿಸಿದರು. ಒರಳಿನ ಮುಂದೆ ಕುಳಿತವಳ ಕೈಯನ್ನು ನೋಡಿ ಮಾತನಾಡಿದವರು ಈ ಮೂವರಲ್ಲಿ ಜೈನರೇ ಎಂದು ನನಗೆ ತೋರುತ್ತದೆ, ಗೃಹಸ್ಥನಿಗೆ ಅವರೂ ರಿಯಾಯಿತಿ ಕೊಟ್ಟಿದ್ದಾರೆಂಬುದು ನಿಜವೇ ಆದರೂ.

ಹಾಗಿದ್ದರೂ ನನ್ನ ಒಲವು ಮಧ್ವರ ಕಡೆಗೆ. ಕೊಟ್ಟುದನ್ನು ಭೋಗಿಸುವುದಾದರೆ, ಕೊಡದೆ ಉಳಿಸಿಕೊಂಡುದು ಯಾವುದೆಂದು ಗುರುತಿಸುವ ಹೊಣೆಯೂ ಭೋಗಿಸುವವನದೇ ಆಗುತ್ತದೆ. ಸಹಸ್ರ ಬೀಜಗಳಲ್ಲಿ ಮರವಾಗುವುದು ಒಂದೋ ಎರಡೋ ಆಗಿರುವಾಗ, ಮಂಗವೂ ಮಳೆಯೂ ಪಾಲು ತೆಗೆದುಕೊಳ್ಳುವಲ್ಲಿ, ಮನೆಬಳಕೆಯ ಒಂದು ಉಂಡೆಯಿಂದ ಕಾಡಿಗೆ ಕೊರತೆಯಿಲ್ಲ. ತಕರಾರು ಹುಟ್ಟುವುದು ಅಳತೆಯಲ್ಲಿ. ಮೈ ಕರಗಿಸುವ ಔಷಧಿಗೆಂದು ಪರದೇಶಗಳಲ್ಲಿ ಉಪ್ಪಾಗೆಯ ಸಿಪ್ಪೆಗೆ ಬೆಲೆ ಬಂದ ಕಾಲದಲ್ಲಿ, ಹಣ್ಣು ಉದುರುವವರೆಗೆ ಕಾಯುವ ವ್ಯವಧಾನವಿಲ್ಲದೆ ನಮ್ಮ ಕಾಡಿನಲ್ಲಿ ಕೊಂಬೆಗಳನ್ನೇ ಕಡಿದು ಕಾಯಿ ಕೊಯ್ದದ್ದುಂಟು. ಮಳೆಗಾಲದಲ್ಲಿ ಅದನ್ನು ಒಣಗಿಸುವ ಒಲೆಗೆ ಮತ್ತಷ್ಟು ಮರ ಸೌದೆಯಾಯಿತು. ಅಲ್ಲಿ ಬೀಜದ ಬುತ್ತಿಯ ಪ್ರಶ್ನೆಯೇ ಏಳಲಿಲ್ಲ, ಬುತ್ತಿ ಕಟ್ಟುವ ತಾಯಿಯ ತೋಳೇ ಹೋಗಿತ್ತು. ಈಶ್ವರನು ಕೊಟ್ಟನೆಂಬ ಮಾತನ್ನು ಆ ಕತ್ತಿಯ ಪರವಾಗಿ ಆಡಲು ಯಾವ ಭಾಷ್ಯಕಾರನೂ ಒಪ್ಪುವನೆಂದು ನಾನು ಬಗೆಯಲಾರೆ.