ಅಂಜನದಲ್ಲಿ ಕಂಡದ್ದು

ಕಣ್ಣಿಗೆ ಕಾಣದ್ದನ್ನು ಕಾಣುವ ಶಕ್ತಿ ಮನುಷ್ಯನಿಗೆ ಉಂಟೆ? ಉಂಟೆಂದು ನಮ್ಮ ಹಿರಿಯರು ನಂಬಿದ್ದರು. ದಿವ್ಯದೃಷ್ಟಿ, ಅಂತರ್ದೃಷ್ಟಿ, ಅತೀಂದ್ರಿಯ ಜ್ಞಾನ ಎಂದು ಅದಕ್ಕೆ ಹಲವು ಹೆಸರುಗಳು. ನಮ್ಮ ಊರುಗಳಲ್ಲಿ ಅದಕ್ಕೆ ಇನ್ನೂ ಸರಳವಾದ ರೂಪವೊಂದಿದೆ: ಅಂಜನ. ನಾವು ಪಂಡಿತರಲ್ಲ, ಬಿ.ಎಸ್ಸಿ. ಮುಗಿಸಿ, ಪುಣೆಯ ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಕಡತಗಳ ನಡುವೆ ಇಪ್ಪತ್ತು ವರ್ಷ ಕಳೆದ ಗುಮಾಸ್ತರು. ಆದರೂ ಈ ವಿಷಯವಾಗಿ ಬರೆಯುವ ಅಧಿಕಾರ ನಮಗೆ ಒಂದು ತಪ್ಪಿನಿಂದ ಬಂದಿದೆ.

ಕೆಲವು ವರ್ಷಗಳ ಹಿಂದೆ ನಮ್ಮ ತಾಯಿಯವರ ಎರಡು ಚಿನ್ನದ ಪಾಟ್ಲಿಗಳು ಕಾಣೆಯಾದವು. ಕಪಾಟು, ಟ್ರಂಕು, ಅಕ್ಕಿಯ ಡಬ್ಬಿ ಎಲ್ಲ ಜಾಲಾಡಿದ್ದಾಯಿತು. ತಾಯಿಯವರು, "ತಮ್ಮಾ, ಊರಾಗ ಅಂಜನಾ ಹಾಕಸೋಣು" ಎಂದರು. ಬಾಗಲಕೋಟೆಯ ಕಡೆಯ ನಮ್ಮ ಹಳ್ಳಿಗೆ ಹೋದೆವು. ಅಂಜನ ಹಾಕುವವರು ದೀಪದ ಕಪ್ಪನ್ನು ಎಣ್ಣೆಯಲ್ಲಿ ಕಲಸಿ ವೀಳ್ಯದೆಲೆಗೆ ಸವರಿ, ಒಂಬತ್ತು ವರ್ಷದ ಹುಡುಗನೊಬ್ಬನ ಕೈಗೆ ಕೊಟ್ಟರು. ಹುಡುಗ ಬಹಳ ಹೊತ್ತು ನೋಡಿ, "ಹೆಂಗಸು ಕಾಣ್ತಾಳ, ಹಸರು ಸೀರಿ" ಎಂದ. ಅಷ್ಟು ಸಾಕಾಯಿತು. ನಮ್ಮ ಮನೆಯಲ್ಲಿ ಆರು ವರ್ಷದಿಂದ ಪಾತ್ರೆ ತಿಕ್ಕುತ್ತಿದ್ದ ಬಾಯಿಗೆ ಹಸಿರು ಸೀರೆಯೊಂದಿತ್ತು.

ನಾವು ಆಕೆಯನ್ನು ಕಳ್ಳಿ ಎನ್ನಲಿಲ್ಲ. ಅಷ್ಟು ಸುಸಂಸ್ಕೃತರು ನಾವು! "ಬರುವ ತಿಂಗಳಿಂದ ಬೇಡ" ಎಂದೆವು, ಅಷ್ಟೆ. ಆದರೆ ನಮ್ಮ ಸೊಸೈಟಿಯಲ್ಲಿ ಮಾತು ಮೆಟ್ಟಿಲಿಳಿಯಲು ಎಷ್ಟು ಹೊತ್ತು? ಇನ್ನೂ ಮೂರು ಮನೆಗಳ ಕೆಲಸ ಆಕೆಯ ಕೈತಪ್ಪಿತು.

ಆ ಹುಡುಗ ಸುಳ್ಳು ಹೇಳಿದನೆಂದು ನಾವು ಇಂದಿಗೂ ಭಾವಿಸುವುದಿಲ್ಲ. ಮಂದ ಬೆಳಕಿನಲ್ಲಿ ಕನ್ನಡಿಯನ್ನು ಎವೆಯಿಕ್ಕದೆ ನೋಡುತ್ತಿದ್ದರೆ ಅಪರಿಚಿತ ಮುಖಗಳು ಕಾಣಿಸತೊಡಗುತ್ತವೆ ಎಂಬುದನ್ನು ಇಟಲಿಯ ಮನಶ್ಶಾಸ್ತ್ರಜ್ಞ ಜೊವಾನಿ ಕಪುಟೊ ಅವರು 2010ರಲ್ಲಿ ವರದಿ ಮಾಡಿದ್ದಾರೆ. ಹೊಳೆಯುವ ಕಪ್ಪಿನಲ್ಲಿಯೂ ಹಾಗೆಯೇ ಆಗಿರಬೇಕು. ಮೇಲಾಗಿ ಸುತ್ತ ಕುಳಿತ ನಾವು ಹಿರಿಯರು, "ಗಂಡಸೋ ಹೆಂಗಸೋ? ಸೀರಿ ಯಾವ ಬಣ್ಣ?" ಎಂದು ಕೇಳುತ್ತಲೇ ಇದ್ದೆವು. ಹುಡುಗ ಕಂಡದ್ದು ಅಸ್ಪಷ್ಟ ನೆರಳು. ಅದಕ್ಕೆ ಮುಖ ಬರೆದವರು ನಾವು.

ಇಂಥ ಶಕ್ತಿಗಳನ್ನು ಪರೀಕ್ಷೆಗೆ ಒಡ್ಡಿದವರಿಲ್ಲವೆ? ಇದ್ದಾರೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾನಿಲಯದ ಜೆ. ಬಿ. ರೈನ್ ಅವರು ಐದು ಚಿಹ್ನೆಗಳ 25 ಎಲೆಗಳನ್ನು ಮುಚ್ಚಿಟ್ಟು, ಯಾವುದರಲ್ಲಿ ಏನಿದೆಯೆಂದು ಹೇಳಿಸುತ್ತಿದ್ದರು. 1934ರಲ್ಲಿ ಅದನ್ನು ಕುರಿತು ಗ್ರಂಥವನ್ನೂ ಪ್ರಕಟಿಸಿದರು. ಸುಮ್ಮನೆ ಊಹಿಸಿದರೂ ಸರಾಸರಿ ಐದು ಸರಿಯಾಗುತ್ತವೆ. ಕುತೂಹಲದಿಂದ ಲೆಕ್ಕ ಹಾಕಿ ನೋಡಿದೆವು: ನೂರು ಜನ ಬರಿಯ ಊಹೆಯಿಂದ ಹೇಳಿದರೆ, ಅವರಲ್ಲಿ ನಾಲ್ಕೈದು ಮಂದಿಗೆ ಒಂಬತ್ತು ಅಥವಾ ಹೆಚ್ಚು ಸರಿಯಾಗುತ್ತವೆ. ಆ ನಾಲ್ಕೈದು ಮಂದಿಯ ಹೆಸರು ಊರೆಲ್ಲ ಹಬ್ಬುತ್ತದೆ. ಉಳಿದವರ ಸುದ್ದಿ ಯಾರಿಗೂ ಬೇಡ. ರೈನ್ ಅವರ ಫಲಿತಾಂಶಗಳು ಇತರರ ಬಿಗಿಯಾದ ಪರೀಕ್ಷೆಗಳಲ್ಲಿ ನಿಲ್ಲಲಿಲ್ಲ.

ನಮ್ಮ ಪುಣೆಯಲ್ಲಿಯೇ ಇದಕ್ಕೆ ಹತ್ತಿರದ ಪರೀಕ್ಷೆಯೊಂದು 2008ರಲ್ಲಿ ನಡೆಯಿತು. ಖಗೋಳ ವಿಜ್ಞಾನಿ ಜಯಂತ ನಾರಳೀಕರ, ಡಾ. ನರೇಂದ್ರ ದಾಭೋಳ್ಕರ ಮೊದಲಾದವರು ಕೂಡಿ, ನೂರು ಬುದ್ಧಿವಂತ ಮಕ್ಕಳ ಮತ್ತು ನೂರು ಬುದ್ಧಿಮಾಂದ್ಯ ಮಕ್ಕಳ ಜಾತಕಗಳನ್ನು ಕಲೆಹಾಕಿದರು. ಒಬ್ಬೊಬ್ಬ ಜ್ಯೋತಿಷಿಗೆ 40 ಜಾತಕಗಳು. ಯಾವುದು ಯಾವ ಬಗೆಯ ಮಗುವಿನದು ಎಂದು ಹೇಳಬೇಕು. ಉತ್ತರ ಕಳಿಸಿದವರು 27 ಮಂದಿ. ಸರಾಸರಿ ಶೇಕಡ 46 ಸರಿ. ನಾಣ್ಯ ಚಿಮ್ಮಿದರೆ ಶೇಕಡ 50 ಬರುತ್ತಿತ್ತು! ವರದಿ 2009ರಲ್ಲಿ ಬೆಂಗಳೂರಿನ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಬಂದಿತು. ಪ್ರಶ್ನೆ ಕೇಳುವ ಕೆಲಸ ಅಗ್ಗದ್ದಲ್ಲ: 2013ರ ಆಗಸ್ಟ್ 20ರಂದು ಇದೇ ಪುಣೆಯಲ್ಲಿ, ಬೆಳಗಿನ ವಾಯುವಿಹಾರಕ್ಕೆ ಹೊರಟಿದ್ದ ದಾಭೋಳ್ಕರರನ್ನು ಗುಂಡಿಟ್ಟು ಕೊಂದರು. ಕನ್ನಡಿಗರಾದ ನಮಗೂ ಈ ಪರಂಪರೆ ಹೊಸದಲ್ಲ. 1976ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿ ಡಾ. ಎಚ್. ನರಸಿಂಹಯ್ಯನವರು ಪವಾಡಗಳನ್ನು ಪರಿಶೀಲಿಸಲು ಸಮಿತಿಯನ್ನೇ ರಚಿಸಿದ್ದರು.

ಇಷ್ಟು ಓದಿ, "ಹಾಗಾದರೆ ತಾಯಿಯ ಕರುಳಿಗೆ ತಿಳಿಯುವುದೂ ಸುಳ್ಳೆ?" ಎಂದು ಓದುಗರು ಕೇಳಬಹುದು. ಊರು ಬಿಟ್ಟು ಬಂದ ನಮ್ಮಂಥವರ ಮನೆಗಳಲ್ಲಿ ಇದು ದಿನದ ಮಾತು. ಒಂದು ಮುಂಜಾನೆ ನಮ್ಮ ತಾಯಿಯವರು, "ಅಕ್ಕಗ ಏನೋ ಆಗೇತಿ, ಒಂದು ಫೋನ್ ಹಚ್ಚು" ಎಂದರು. ಹುಬ್ಬಳ್ಳಿಯಲ್ಲಿದ್ದ ಅಕ್ಕ ಅಂದೇ ಬಚ್ಚಲಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡಿದ್ದಳು. ನಾವು ದಂಗಾದೆವು. ಮಾರನೆಯ ದಿನದಿಂದ ಒಂದು ಡೈರಿಯಲ್ಲಿ ಬರೆದಿಡತೊಡಗಿದೆವು. ವರ್ಷದಲ್ಲಿ ತಾಯಿಯವರಿಗೆ ಹಾಗೆ ಅನಿಸಿದ್ದು ಹದಿನೇಳು ಸಲ. ಅಕ್ಕನ ನೆಗಡಿಯನ್ನು ಲೆಕ್ಕಕ್ಕೆ ಹಿಡಿದರೂ ಕೂಡಿಬಂದದ್ದು ಎರಡೇ ಸಲ.

ಆದರೆ ಆ ಡೈರಿಯನ್ನು ನಾವು ತಾಯಿಯವರಿಗೆ ತೋರಿಸಲಿಲ್ಲ. ಏಕೆಂದರೆ ಹದಿನೇಳು ಸಲವೂ ಫೋನು ಹೋಗಿತ್ತು. ಹದಿನೇಳು ಸಲವೂ ಅಕ್ಕ ತಾಯಿಯ ದನಿ ಕೇಳಿ ಸಂತೋಷಪಟ್ಟಿದ್ದಳು. ಕರುಳಿನ ಕಳವಳಕ್ಕೂ ಅಂಜನಕ್ಕೂ ಇರುವ ವ್ಯತ್ಯಾಸ ಅಲ್ಲಿ ನಮಗೆ ಹೊಳೆಯಿತು. ಎರಡರಲ್ಲಿಯೂ ಅತೀಂದ್ರಿಯ ಶಕ್ತಿಯೇನೂ ಇಲ್ಲದಿರಬಹುದು. ಆದರೆ ಒಂದು, "ಹೇಗಿದ್ದೀ?" ಎಂದು ವಿಚಾರಿಸಲು ನಮ್ಮನ್ನು ಇನ್ನೊಬ್ಬರ ಬಳಿಗೆ ಕಳಿಸುತ್ತದೆ. ಇನ್ನೊಂದು, ವಿಚಾರಿಸುವ ಅಗತ್ಯವೇ ಇಲ್ಲವೆಂದು ಹೇಳಿ ಬಾಗಿಲು ಮುಚ್ಚಿಸುತ್ತದೆ. ಮೊದಲನೆಯದು ತಪ್ಪಾದರೆ ಒಂದು ಫೋನಿನ ಖರ್ಚು. ಎರಡನೆಯದು ತಪ್ಪಾದರೆ ದಂಡ ತೆರುವವರು, ಕಂಡವರೂ ಅಲ್ಲ, ನಂಬಿದವರೂ ಅಲ್ಲ; ಕಾಣಿಸಿಕೊಂಡ ಬಡಪಾಯಿ.

ನಂಬಿಕೆ ನಮ್ಮ ಸ್ವಂತ ವಿಷಯ, ಅದರಲ್ಲಿ ನೀತಿಯ ಪ್ರಶ್ನೆ ಏನು ಎಂದು ಕೆಲವರು ವಾದಿಸುತ್ತಾರೆ. ನಾವೂ ಹಾಗೆಯೇ ಹೇಳುತ್ತಿದ್ದೆವು. ಆದರೆ ನಮ್ಮ ನಂಬಿಕೆ ಇನ್ನೊಬ್ಬರ ಅನ್ನವನ್ನು ಮುಟ್ಟಿದ ಗಳಿಗೆಯಿಂದ ಅದು ಸ್ವಂತದ್ದಾಗಿ ಉಳಿಯುವುದಿಲ್ಲ. ನಮ್ಮ ಶಾಸ್ತ್ರಗಳಿಗೂ ಈ ಎಚ್ಚರ ಇಲ್ಲದಿಲ್ಲ. ಪತಂಜಲಿಯ ಯೋಗಸೂತ್ರಗಳಲ್ಲಿ ವಿಭೂತಿಪಾದವೆಂಬ ಭಾಗವು ದೂರದ್ದನ್ನೂ ಅಡಗಿದ್ದನ್ನೂ ಅರಿಯುವ ಸಿದ್ಧಿಗಳನ್ನು ಹೇಳುತ್ತದೆ. ಹೇಳಿ, ಇಂಥವು ಸಮಾಧಿಗೆ ವಿಘ್ನಗಳೆಂದೂ ಎಚ್ಚರಿಸುತ್ತದೆ.

ಪಾಟ್ಲಿಗಳು ಸಿಕ್ಕವು. ಚಳಿಗಾಲಕ್ಕೆ ಹಳೆಯ ಕೌದಿಯನ್ನು ತೆಗೆದಾಗ ಒಂದು ಮೂಲೆ ಭಾರವೆನಿಸಿತು. ಹೊಲಿಗೆ ಬಿಚ್ಚಿದರೆ ಒಳಗೆ ಅರಿವೆಯ ಗಂಟು. ಜಾತ್ರೆಗೆ ಊರಿಗೆ ಹೋಗುವ ಮುನ್ನ ತಾಯಿಯವರೇ ಜೋಪಾನವಾಗಿ ಹೊಲಿದಿಟ್ಟು ಮರೆತಿದ್ದರು. ಅವರು ಬಹಳ ಹೊತ್ತು ಸುಮ್ಮನೆ ಕುಳಿತರು. ಕೊನೆಗೆ, "ಆಕಿ ಮನಿಗೆ ನನ್ನ ಕರಕೊಂಡು ನಡಿ" ಎಂದರು.

ಬಾಯಿಯ ಮನೆಯನ್ನು ನಾವು ಕಂಡದ್ದು ಅದೇ ಮೊದಲು. ತಾಯಿಯವರು ಆಕೆಯ ಕೈ ಹಿಡಿದು ತಪ್ಪಾಯಿತೆಂದರು. ಆಕೆ ಬೈಯಲಿಲ್ಲ, ಅಳಲಿಲ್ಲ. ಮರಾಠಿಯಲ್ಲಿ ಇಷ್ಟೇ ಹೇಳಿದಳು: "ಆಜಿ, ಒಂದು ಸಲ ನನ್ನನ್ನೇ ಕೇಳಬಹುದಿತ್ತಲ್ಲ." ಚಹಾ ಕೊಟ್ಟಳು. ಮತ್ತೆ ನಮ್ಮ ಮನೆಯ ಕೆಲಸಕ್ಕೆ ಬರಲಿಲ್ಲ. ತಾಯಿಯವರು ಈಗಿಲ್ಲ, ಆ ಪಾಟ್ಲಿಗಳನ್ನು ಅವರು ಮತ್ತೆ ತೊಡಲೂ ಇಲ್ಲ.

ಮಹಾಭಾರತದಲ್ಲಿ ವ್ಯಾಸರು ಯುದ್ಧವನ್ನು ನೋಡಲು ಕಣ್ಣು ಕೊಡುತ್ತೇನೆಂದಾಗ ಧೃತರಾಷ್ಟ್ರ ಬೇಡವೆಂದ. ದಿವ್ಯದೃಷ್ಟಿ ಸಂಜಯನಿಗೆ ದೊರೆಯಿತು. ಆದರೆ ಆ ಅರಸನಿಗೆ ಕೊರತೆಯಾಗಿದ್ದುದು ದಿವ್ಯದೃಷ್ಟಿಯೆ? ತುಂಬಿದ ಸಭೆಯಲ್ಲಿ ದ್ರೌಪದಿ ಕೇಳಿದ ಪ್ರಶ್ನೆ ಅವನ ಕಿವಿಗೆ ಬಿದ್ದಿತ್ತು. ವಿದುರ ಮತ್ತೆ ಮತ್ತೆ ಹೇಳಿದ್ದ. ನಮ್ಮ ಸ್ಥಿತಿಯೂ ಅದೇ. ಆರು ವರ್ಷ ದಿನವೂ ಎದುರಿಗಿದ್ದ ಒಬ್ಬ ಹೆಂಗಸಿನ ಪ್ರಾಮಾಣಿಕತೆಯನ್ನು ಕಾಣಲು ಎರಡು ಕಣ್ಣು ಸಾಕಾಗಿದ್ದವು. ಅವನ್ನು ಮುಚ್ಚಿಕೊಂಡು ನಾವು ವೀಳ್ಯದೆಲೆಯ ಮೇಲಿನ ಕಪ್ಪನ್ನು ನೋಡಲು ಇನ್ನೂರೈವತ್ತು ಮೈಲಿ ಹೋಗಿದ್ದೆವು.